ರೇಷ್ಮೆ ಹುಳುವಿನ ರಕ್ತದಲ್ಲಿ ಜೋಡಿ ಕಾವಲು

ರೇಷ್ಮೆ ಸಾಕುವ ರೈತ ಬಾಂಧವರು ದೊಡ್ಡ ಹುಳುವಿನ ಮೈಮೇಲೆ ಸಣ್ಣದೊಂದು ಕಪ್ಪು ಕಲೆಯನ್ನು ಕಂಡೇ ಇರುತ್ತೀರಿ. ಅದು ಊಜಿ ನೊಣದ ಮರಿ ಚರ್ಮ ಕೊರೆದು ಒಳಹೊಕ್ಕ ಗುರುತು. ಈ ನೊಣ 1980ರಲ್ಲಿ ಕರ್ನಾಟಕದಲ್ಲಿ ಕಾಣಿಸಿಕೊಂಡಂದಿನಿಂದ ಆ ಕಲೆ ಕಂಡರೆ ಸಾಕು, ಎದೆ ಧಸಕ್ಕೆನ್ನುತ್ತದೆ. ಆದರೆ ಆ ಕಪ್ಪು ಬಣ್ಣವನ್ನು ತಯಾರಿಸಿದ್ದು ರೇಷ್ಮೆ ಹುಳುವೇ. ಶತ್ರು ಒಳಬಂದ ಕಡೆ ಅದು ತನ್ನ ರಕ್ತವನ್ನು ಗಟ್ಟಿಮಾಡಿ, ಕರಿ ವಸ್ತುವಿನಿಂದ ಮುಚ್ಚಲು ಹೆಣಗುತ್ತದೆ. ಗಾಯದಿಂದ ಒಸರಿದ ರಸ ಸ್ವಲ್ಪ ಹೊತ್ತಿನಲ್ಲಿ ಕಪ್ಪಾಗುವುದೂ ಇದೇ ಕ್ರಿಯೆಯಿಂದ.

ಹಸುವಿಗೆ ಕಾಲುಬಾಯಿ ರೋಗದ ಲಸಿಕೆ ಇದೆ, ಹುಳುವಿಗೆ ಏಕಿಲ್ಲ ಎಂದು ಅನೇಕರು ಕೇಳುತ್ತಾರೆ. ಲಸಿಕೆ ಕೆಲಸ ಮಾಡಬೇಕಾದರೆ ರೋಗಾಣುವನ್ನು ನೆನಪಿಟ್ಟುಕೊಂಡು, ಅದಕ್ಕೆಂದೇ ಪ್ರತಿಕಾಯಗಳನ್ನು ತಯಾರಿಸುವ ಶಕ್ತಿ ರಕ್ತಕ್ಕಿರಬೇಕು. ಕೀಟಗಳಲ್ಲಿ ಪ್ರತಿಕಾಯಗಳಿಲ್ಲ. ಹುಟ್ಟಿನಿಂದ ಬಂದ ಕಾವಲೇ ಅವಕ್ಕೆ ಆಧಾರ. ಆ ಕಾವಲು ಹೇಗೆ ನಡೆಯುತ್ತದೆಂದು ತಿಳಿದರೆ, ಅದು ಎಲ್ಲಿ ಸೋಲುತ್ತದೆಂಬುದೂ ತಿಳಿಯುತ್ತದೆ.

ಹುಳುವಿನ ರಕ್ತದಲ್ಲಿ ಗುರುತು ಹಿಡಿಯುವ ಪ್ರೋಟೀನುಗಳು ಸದಾ ಸುತ್ತುತ್ತಿರುತ್ತವೆ. ಒಂದು ಬಗೆಯದು ಬೂಷ್ಟಿನ ಹೊರಗೋಡೆಯಲ್ಲಿರುವ ಗ್ಲೂಕಾನ್ ಎಂಬ ಸಕ್ಕರೆ ಸರಪಳಿಯನ್ನು ಹಿಡಿಯುತ್ತದೆ. ಇನ್ನೊಂದು ಬ್ಯಾಕ್ಟೀರಿಯಾದ ಗೋಡೆಯ ವಸ್ತುವನ್ನು. ಇವೆರಡನ್ನೂ ಮೊದಲು ಬೇರ್ಪಡಿಸಿದ್ದು ರೇಷ್ಮೆ ಹುಳುವಿನ ರಕ್ತದಿಂದಲೇ. ಜಪಾನಿನ ಮಸಾಕಿ ಅಶಿದಾ ಮತ್ತು ಸಂಗಡಿಗರು 1988ರಲ್ಲಿ ಮೊದಲನೆಯದನ್ನೂ 1996ರಲ್ಲಿ ಎರಡನೆಯದನ್ನೂ ಪ್ರಕಟಿಸಿದರು. ರೇಷ್ಮೆಗಾಗಿ ಸಾಕಿದ ಹುಳು ವೈದ್ಯಶಾಸ್ತ್ರಕ್ಕೂ ಪಾಠ ಹೇಳಿತೆನ್ನಬಹುದು.

ಗುರುತು ಹಿಡಿದ ಮಾತ್ರಕ್ಕೆ ಕೆಲಸವಾಗದು. ಕರಿ ವಸ್ತು ತಯಾರಾಗುವಾಗ ಹುಟ್ಟುವ ವಿಷ ಪದಾರ್ಥಗಳು ರೋಗಾಣುವಿನಂತೆ ಹುಳುವಿನ ಮೈಯನ್ನೂ ಸುಡಬಲ್ಲವು. ಆದ್ದರಿಂದ ಒಂಟಿ ಕಾವಲುಗಾರನ ಕೂಗಿಗೆ ರಕ್ತ ಓಗೊಡುವುದಿಲ್ಲ. ಹಿಟ್ಟಿನ ಹುಳುವಿನ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ಬ್ಯಾಕ್ಟೀರಿಯಾದ ಗೋಡೆಯ ಮೇಲೆ ಗುರುತಿನ ಪ್ರೋಟೀನುಗಳು ಅಕ್ಕಪಕ್ಕದಲ್ಲೇ ಬಂದು ಕೂರಬೇಕು. ಆಗ ಮಾತ್ರ ಎರಡನೆಯ ಜಾತಿಯ ಪ್ರೋಟೀನು ಬಂದು ಸೇರುತ್ತದೆ, ಅದರ ಹಿಂದೆ ಕತ್ತರಿಯಂಥ ಕಿಣ್ವ. ಈ ಕಿಣ್ವ ಮುಂದಿನ ಕಿಣ್ವವನ್ನು ಕತ್ತರಿಸಿ ಎಬ್ಬಿಸುತ್ತದೆ, ಅದು ಮತ್ತೊಂದನ್ನು. ಹೀಗೆ ಸರಪಳಿ ಸಾಗಿ, ಕೊನೆಗೆ ನಿದ್ರಿಸುತ್ತಿದ್ದ ಕರಿ ಕಿಣ್ವ ಎಚ್ಚರಗೊಳ್ಳುತ್ತದೆ.

ನಮ್ಮ ರಕ್ತದಲ್ಲಿಯೂ ನಿಮ್ಮ ಕೊಟ್ಟಿಗೆಯ ಹಸುವಿನ ರಕ್ತದಲ್ಲಿಯೂ ಇದೇ ಧಾಟಿಯ ಏರ್ಪಾಡಿದೆ. ಅದಕ್ಕೆ ಕಾಂಪ್ಲಿಮೆಂಟ್ ವ್ಯವಸ್ಥೆ, ಅಂದರೆ ಪೂರಕ ವ್ಯವಸ್ಥೆ, ಎಂದು ಹೆಸರು. ಅಲ್ಲಿ ಮ್ಯಾನೋಸ್ ಹಿಡಿಯುವ ಲೆಕ್ಟಿನ್, ಫೈಕೋಲಿನ್ ಮೊದಲಾದವು ರೋಗಾಣುವಿನ ಸಕ್ಕರೆಗಳನ್ನು ತಡವಿ ನೋಡುತ್ತವೆ. ಒಂದು ಹಿಡಿಕೆಯ ಹಿಡಿತ ಸಡಿಲ; ಹಲವು ಹಿಡಿಕೆಗಳು ಒಟ್ಟಿಗೆ ಬಿಗಿದಾಗಲೇ ಜೊತೆಗಿರುವ ಕಿಣ್ವಗಳು ಒಂದನ್ನೊಂದು ಎಬ್ಬಿಸುತ್ತವೆ. ಬೇರೆ ಕುಟುಂಬದ ಗುರುತಿನ ಪ್ರೋಟೀನುಗಳೂ ಇವಕ್ಕೆ ಕೈಜೋಡಿಸಿ ಕೂಗನ್ನು ಜೋರು ಮಾಡುವುದುಂಟು. ಕೊನೆಗೆ ಸಿ-3 ಎಂಬ ಪ್ರೋಟೀನು ತುಂಡಾಗಿ ರೋಗಾಣುವಿನ ಮೈಗೆ ಅಂಟಿ, ಬಿಳಿ ರಕ್ತಕಣಗಳಿಗೆ ಅದನ್ನು ತೋರಿಸಿಕೊಡುತ್ತದೆ. ಹುಳುವಿನಲ್ಲಿ ಕರಿ ವಸ್ತು, ಹಸುವಿನಲ್ಲಿ ಈ ಅಂಟು. ಕೊನೆ ಬೇರೆಯಾದರೂ ಕಾವಲಿನ ಕ್ರಮ ಒಂದೇ.

ಇನ್ನು ಸೋಲುವ ಕಡೆಗಳು. ಹಾಲುತೊಂಡೆ ರೋಗ ತರುವ ವೈರಸ್ಸಿಗೆ ಬೂಷ್ಟಿನಂತಹ ಗೋಡೆಯಿಲ್ಲ, ಮೇಲಾಗಿ ಅದು ಜೀವಕೋಶದೊಳಗೆ ಅಡಗಿ ಬೆಳೆಯುತ್ತದೆ. ಈ ಕಾವಲಿಗೆ ಸಿಕ್ಕದು. ಗಂಟು ರೋಗದ ಜೀವಿಯೂ ಕೋಶದೊಳಗಿನದೇ, ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಇಳಿಯುತ್ತದೆ. ಆದ್ದರಿಂದಲೇ ಪರೀಕ್ಷಿಸಿದ ಮೊಟ್ಟೆಯನ್ನೇ ತನ್ನಿರೆಂದು ಪದೇ ಪದೇ ಹೇಳುವುದು. ಸುಣ್ಣಕಟ್ಟು ರೋಗದ ಬೂಷ್ಟಾದರೋ ಚರ್ಮದ ಮೂಲಕವೇ ತೂರಿ, ರಕ್ತ ಸೇರಿದ ಮೇಲೆ ಗುರುತು ಸಿಗದಂತೆ ಮೈ ಬದಲಿಸಿಕೊಳ್ಳುತ್ತದೆ. ಊಜಿಯ ಮರಿ ಇನ್ನೂ ಜಾಣ: ತನ್ನನ್ನು ಮುಚ್ಚಲು ಬಂದ ಕರಿ ಪದರವನ್ನೇ ಕೊಳವೆ ಮಾಡಿಕೊಂಡು ಉಸಿರಾಡುತ್ತದೆ!

ಆದುದರಿಂದ ರೋಗಾಣುವನ್ನು ಹುಳುವಿನ ಚರ್ಮದ ಹೊರಗೇ ತಡೆಯುವುದು ನಿಮ್ಮ ಪಾಲಿನ ಕೆಲಸ. ಮೈಸೂರಿನ ಅಗ್ರಹಾರದಿಂದ ದಕ್ಷಿಣಕ್ಕೆ ಹೋದರೆ ಶ್ರೀರಾಂಪುರದಲ್ಲಿ ಸಿಗುವ ಕೇಂದ್ರ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯು ‘ವಿಜೇತ’, ‘ಅಂಕುಶ್’ ಎಂಬ ಪುಡಿಗಳನ್ನು ರೂಪಿಸಿರುವುದು ಇದಕ್ಕಾಗಿಯೇ. ಹುಳುಗಳು ಜ್ವರದಿಂದ ಎದ್ದ ಮೇಲೆ, ಸೊಪ್ಪು ಕೊಡುವ ಮುಂಚೆ, ಪುಡಿಯನ್ನು ಹಾಸಿಗೆಯ ಮೇಲೆ ಸಮನಾಗಿ ಉದುರಿಸಬೇಕು. ಹುಳುಮನೆ ಮತ್ತು ಸಲಕರಣೆಗಳಿಗೆ 100 ಲೀಟರು ನೀರಿಗೆ 2 ಕಿಲೋ ಬ್ಲೀಚಿಂಗ್ ಪುಡಿ, 300 ಗ್ರಾಂ ಅರಳಿದ ಸುಣ್ಣ ಬೆರೆಸಿ ಸಿಂಪಡಿಸಿ. ಹಾಸಿಗೆ ಬದಲಾಯಿಸುವಾಗ ಹುಳುಗಳನ್ನು ಒರಟಾಗಿ ಎತ್ತಬೇಡಿ. ಗೀರು ಬಿದ್ದ ಚರ್ಮ ರೋಗಾಣುವಿಗೆ ತೆರೆದ ಬಾಗಿಲು. ಮಳೆಗಾಲದಲ್ಲಿ, ಚಳಿಗಾಲದಲ್ಲಿ ಹಾಸಿಗೆ ಒದ್ದೆಯಾಗಿರಲು ಬಿಡಬಾರದು. ಸತ್ತು ಸೆಟೆದ ಹುಳು ಕಂಡರೆ ಅದು ಬೆಳ್ಳಗಾಗುವ ಮೊದಲೇ ಆಯ್ದು, ಸುಣ್ಣ ಮತ್ತು ಬ್ಲೀಚಿಂಗ್ ಪುಡಿ ಹಾಕಿದ ಪಾತ್ರೆಗೆ ಹಾಕಿ. ಬೆಳ್ಳಗಾದ ಮೇಲೆ ಮುಟ್ಟಿದರೆ ಬೀಜಕಣಗಳು ಗಾಳಿಯಲ್ಲಿ ಹಾರಿ ತಟ್ಟೆಯಿಂದ ತಟ್ಟೆಗೆ ಹರಡುತ್ತವೆ.