ಅಣ್ಣತಮ್ಮಂದಿರ ಯುದ್ಧ ಮತ್ತು ಕಾಳಿ ಎಂಬ ನಾಯಿ

ನಮ್ಮ ಭಾಗದ ಹಳ್ಳಿಗಳಲ್ಲಿ ಹಳೆಯ ಗುಡಿಗಳ ಮುಂದೆ, ಕೆರೆಯ ದಂಡೆಯಲ್ಲಿ ಚಿತ್ರ ಕೆತ್ತಿದ ಕಲ್ಲುಗಳು ನಿಂತಿರುವುದನ್ನು ನಾವೆಲ್ಲ ನೋಡಿರುತ್ತೇವೆ. ಅವುಗಳಲ್ಲಿ ಹಲವು ವೀರಗಲ್ಲುಗಳು. ಯುದ್ಧದಲ್ಲಿ ಹೋರಾಡಿ ಸತ್ತವನ ನೆನಪಿಗೆ, ಅಥವಾ ಊರಿನ ದನಗಳನ್ನು ಕಳ್ಳರಿಂದ ಬಿಡಿಸುವಾಗ ಪ್ರಾಣ ಕೊಟ್ಟವನ ನೆನಪಿಗೆ ನಿಲ್ಲಿಸಿದ ಕಲ್ಲು ಇದು.

ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಅಂತಸ್ತು ಇರುತ್ತವೆ. ಇದನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು. ಕೆಳಗೆ ವೀರನು ಕತ್ತಿ ಅಥವಾ ಬಿಲ್ಲು ಹಿಡಿದು ಹೋರಾಡುತ್ತಾನೆ. ನಡುವೆ ಅಪ್ಸರೆಯರು ಅವನನ್ನು ಮೇಲಕ್ಕೆ ಒಯ್ಯುತ್ತಾರೆ. ಮೇಲೆ ಅವನು ದೇವರ ಮುಂದೆ ಕುಳಿತಿರುತ್ತಾನೆ. ತುದಿಯಲ್ಲಿ ಸೂರ್ಯ, ಚಂದ್ರ ಇರುತ್ತಾರೆ. ಅವರು ಇರುವವರೆಗೆ ಈ ಕೀರ್ತಿ ಉಳಿಯಲಿ ಎಂಬುದು ಅದರ ಅರ್ಥ. ಅಂತಸ್ತುಗಳ ನಡುವಿನ ಪಟ್ಟಿಯಲ್ಲಿ ಶಾಸನ ಬರೆಯುತ್ತಿದ್ದರು. ಮನೆಯಲ್ಲಿ ಉರ್ದು ಮಾತಾಡುವ ನನಗೆ ಹಳಗನ್ನಡ ಕಷ್ಟ. ಆದರೆ ಚಿತ್ರ ಮಾತ್ರ ಯಾರಿಗಾದರೂ ಅರ್ಥವಾಗುತ್ತದೆ. ಅಕ್ಷರ ಬಾರದವರಿಗೂ ಕಥೆ ತಿಳಿಯಬೇಕೆಂದೇ ಹೀಗೆ ಕೆತ್ತಿರಬೇಕು.

ಈ ಪದ್ಧತಿಯನ್ನು ಬಿಟ್ಟು ನಿಂತ ಒಂದು ಪ್ರಸಿದ್ಧ ಕಲ್ಲು ಇದೆ. ಅದು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನದು. ಕಾಲ ಕ್ರಿ.ಶ. 949-50. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರ ಶಾಸನದಲ್ಲಿ ಎರಡು ಯುದ್ಧಗಳ ಮಾತು ಬರುತ್ತದೆ.

ಮೊದಲನೆಯದು ಒಂದೇ ಮನೆತನದ ಒಳಯುದ್ಧ. ಗಂಗರ ಇಮ್ಮಡಿ ಬೂತುಗನು ತನ್ನ ಸೋದರ ರಾಚಮಲ್ಲನನ್ನು ಕೊಂದು ಸಿಂಹಾಸನ ಏರಿದ. ಇದಕ್ಕೆ ರಾಷ್ಟ್ರಕೂಟರ ಬೆಂಬಲವಿತ್ತು. ರಾಷ್ಟ್ರಕೂಟ ದೊರೆ ಮುಮ್ಮಡಿ ಕೃಷ್ಣನ ಅಕ್ಕ ರೇವಕನಿಮ್ಮಡಿಯನ್ನು ಬೂತುಗ ಮದುವೆಯಾಗಿದ್ದ. ಎರಡನೆಯದು ಇಂದಿನ ತಮಿಳುನಾಡಿನ ಅರಕ್ಕೋಣಂ ಬಳಿ ನಡೆದ ತಕ್ಕೋಲಂ ಯುದ್ಧ. ಅಲ್ಲಿ ಬೂತುಗನು ಕೃಷ್ಣನ ಪರವಾಗಿ ಹೋರಾಡಿ ಚೋಳ ರಾಜಾದಿತ್ಯನನ್ನು ಕೊಂದ. ಮೆಚ್ಚಿದ ಕೃಷ್ಣ ಅವನಿಗೆ ಬನವಾಸಿ 12000, ಬೆಳ್ವೊಲ 300 ಮುಂತಾದ ನಾಡುಗಳನ್ನು ಕೊಟ್ಟ. ಬೆಳ್ವೊಲ ಎಂದರೆ ನಮ್ಮ ಅಣ್ಣಿಗೇರಿಯ ಸೀಮೆ. ಎಲ್ಲೋ ದೂರದಲ್ಲಿ ನಡೆದ ಯುದ್ಧದಿಂದ ನಮ್ಮ ಪಕ್ಕದ ನೆಲದ ಯಜಮಾನಿಕೆ ಬದಲಾಯಿತು.

ಆದರೆ ಕಲ್ಲಿನ ಮೇಲಿನ ಚಿತ್ರದಲ್ಲಿ ರಾಜರೂ ಇಲ್ಲ, ಆನೆಯೂ ಇಲ್ಲ. ಒಂದು ನಾಯಿ ಮತ್ತು ಒಂದು ಕಾಡುಹಂದಿ ಕಾದಾಡುತ್ತಿವೆ. ಬೂತುಗನ ಕಡೆ ಮಣಲೆರ ಎಂಬ ವೀರನಿದ್ದ. ಅವನ ಹೋರಾಟ ಮೆಚ್ಚಿ, ಬೇಕಾದ್ದನ್ನು ಕೇಳು ಎಂದ ಬೂತುಗ. ಮಣಲೆರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು! ಮುಂದೆ ಬೆಳತೂರಿನ ಬೆಟ್ಟದಲ್ಲಿ ಕಾಳಿ ದೊಡ್ಡ ಹಂದಿಯೊಂದರ ಮೇಲೆ ಬಿತ್ತು. ಎರಡೂ ಸತ್ತವು. ಆ ನಾಯಿಯ ನೆನಪಿಗೆ ಈ ಕಲ್ಲು.

ಕಾಮರ್ಸ್ ವಿದ್ಯಾರ್ಥಿಯಾದ ನನ್ನ ಗಮನ ಸೆಳೆದದ್ದು ಶಾಸನದಲ್ಲಿರುವ ಲೆಕ್ಕ. ಕಲ್ಲಿನ ಪೂಜೆಗೆ ಎರಡು ಖಂಡುಗ ಭೂಮಿ ಬಿಟ್ಟಿದ್ದರು. ಖಂಡುಗ ಎಂದರೆ ಬಿತ್ತುವ ಬೀಜದ ಅಳತೆಯಿಂದ ನೆಲವನ್ನು ಅಳೆಯುವ ರೀತಿ. ಆ ಭೂಮಿಯನ್ನು ಅನುಭವಿಸುವ ಪೂಜಾರಿ ಪೂಜೆ ಮಾಡದೆ ಉಂಡರೆ ಪಾಪ ತಟ್ಟುತ್ತದೆ ಎಂದೂ ಬರೆದಿದೆ. ಅಂದರೆ ಸ್ಮಾರಕ ನಿಲ್ಲಿಸಿದ್ದಷ್ಟೇ ಅಲ್ಲ, ಅದನ್ನು ನೋಡಿಕೊಳ್ಳುವ ಖರ್ಚಿಗೂ ದಾರಿ ಮಾಡಿದ್ದರು. ಮಣಲೆರನಿಗೂ 'ಬಾಳ್ಗಳ್ಚು' ಎಂದು ಭೂಮಿ ಸಿಕ್ಕಿತು. ಬಾಳ್ ಎಂದರೆ ಕತ್ತಿ, ಕಳ್ಚು ಎಂದರೆ ತೊಳೆಯುವುದು. ವೀರನ ಕತ್ತಿ ತೊಳೆದು ಕೊಡುವ ದಾನ ಅದು. ಬೇರೆ ಕಡೆಗಳಲ್ಲಿ ಸತ್ತವನ ಮನೆಯವರಿಗೆ 'ನೆತ್ತರುಗೊಡಗೆ' ಎಂದು ಭೂಮಿ ಕೊಡುತ್ತಿದ್ದರು. ಇದನ್ನು ಇಂದಿನ ಕುಟುಂಬ ಪಿಂಚಣಿಗೆ ಹೋಲಿಸಬಹುದು.

ಕಾಳಿಗೆ ಚಿತ್ರ ಸಿಕ್ಕಿತು, ಹೆಸರು ಸಿಕ್ಕಿತು, ಪೂಜೆಗೆ ಭೂಮಿಯೂ ಸಿಕ್ಕಿತು. ಒಳಯುದ್ಧದಲ್ಲಿ ರಾಚಮಲ್ಲನ ಪರವಾಗಿ ಸತ್ತವರಿಗೆ ಆ ಕಲ್ಲಿನಲ್ಲಿ ಜಾಗವಿಲ್ಲ. ಅವರೂ ಇದೇ ನೆಲದವರು. ಗೆದ್ದವನ ಕಡೆಯವರು ಕಲ್ಲು ನಿಲ್ಲಿಸಿದರೆ ಸೋತವನ ಕಡೆಯ ಲೆಕ್ಕ ಬಿಟ್ಟುಹೋಗುತ್ತದೆ. ಇತಿಹಾಸ ಓದುವಾಗ ಕಲ್ಲಿನಲ್ಲಿ ಇರುವುದರ ಜೊತೆಗೆ ಇಲ್ಲದಿರುವುದನ್ನೂ ಕೇಳಬೇಕು.

ನಿಮ್ಮ ಊರಿನಲ್ಲಿ ಇಂಥ ಕಲ್ಲು ಇದ್ದರೆ ಅದಕ್ಕೆ ಬಣ್ಣ ಬಳಿಯಲು, ಅದರ ಮೇಲೆ ಬಟ್ಟೆ ಒಗೆಯಲು, ಅದನ್ನು ಕಿತ್ತು ಚರಂಡಿಗೆ ಹಾಸಲು ಬಿಡಬೇಡಿ. ಮುಂಜಾನೆ ಅಥವಾ ಸಂಜೆ ಓರೆ ಬಿಸಿಲಿನಲ್ಲಿ ಫೋಟೊ ತೆಗೆಯಿರಿ, ಆಗ ಸವೆದ ಗೆರೆಗಳೂ ಕಾಣುತ್ತವೆ. ಊರಿನ ಹೆಸರು ಬರೆದು ನಮ್ಮ ಇತಿಹಾಸ ಉಪನ್ಯಾಸಕರಿಗೆ ತೋರಿಸಿ. ಓದಲು ಬಾರದಿದ್ದರೂ ಪರವಾಗಿಲ್ಲ, ಕೆಳಗಿನ ಅಂತಸ್ತಿನಿಂದ ನೋಡಲು ಶುರು ಮಾಡಿ.