ನಿಮಗಿದು ಗೊತ್ತೆ? ಮೊಗಲರನ್ನು ತಡೆದ ಬ್ರಹ್ಮಪುತ್ರಾ

ದಿಲ್ಲಿಯ ಮೊಗಲ ಸಾಮ್ರಾಜ್ಯವು ತನ್ನ ವೈಭವದ ಶಿಖರದಲ್ಲಿದ್ದಾಗಲೇ ಅದರ ಪೂರ್ವಾಭಿಮುಖ ವಿಸ್ತರಣಕ್ಕೆ ತಡೆಯೊಡ್ಡಿದವರು ಅಸ್ಸಾಮಿನ ಆಹೋಮರು. 1662ರಲ್ಲಿ ಬಂಗಾಳದ ಮೊಗಲ ಸುಬೇದಾರ ಮೀರ್ ಜುಮ್ಲಾ ಆಹೋಮರ ರಾಜಧಾನಿಯಾದ ಗಢಗಾಂವನ್ನು ಹಿಡಿದನೇನೋ ನಿಜ. ಆದರೆ ಮಳೆಗಾಲದಲ್ಲಿ ದಾರಿಗಳು ಮುಳುಗಿ, ದವಸ ತೀರಿ, ಜ್ವರ ಹಬ್ಬಿ, ರಾತ್ರಿಯ ದಾಳಿಗಳಿಂದ ಬಳಲಿದ ಅವನ ಸೇನೆ ಮರುವರ್ಷ ಸಂಧಿ ಮಾಡಿಕೊಂಡು ಹಿಂದಿರುಗಬೇಕಾಯಿತು. ಅವನು ಹಾದಿಯಲ್ಲಿಯೇ ತೀರಿಕೊಂಡನು.

1667ರಲ್ಲಿ ಆಹೋಮರು ಮೊಗಲರ ಕೈಸೇರಿದ್ದ ಗುವಾಹಟಿಯನ್ನು ಮರಳಿ ಗೆದ್ದುಕೊಳ್ಳಲು, ಔರಂಗಜೇಬನು ಅವರ ಮೇಲೆ ಕಳುಹಿದ್ದು ಅಂಬೇರಿನ ರಾಜಾ ರಾಮಸಿಂಹನನ್ನು. ರಜಪೂತರೆಂದರೆ ಮೊಗಲರ ವೈರಿಗಳೆಂದೇ ಬಗೆಯುವವರಿಗೆ ಇದು ತುಸು ವಿಚಿತ್ರವೆನಿಸೀತು. ಆಗ್ರಾದಲ್ಲಿ ತನ್ನ ಹೊಣೆಯಲ್ಲಿದ್ದ ಶಿವಾಜಿಯು ತಪ್ಪಿಸಿಕೊಂಡುದರಿಂದ ಬಾದಶಹನ ಅವಕೃಪೆಗೆ ಗುರಿಯಾಗಿದ್ದವನೀತ.

1669ರಲ್ಲಿ ಅಲಾಬೊಯಿಯ ಬಯಲಿನಲ್ಲಿ ರಜಪೂತ ಅಶ್ವಸೈನ್ಯದೆದುರು ಆಹೋಮರು ದಾರುಣವಾಗಿ ಸೋತರು. ಕುದುರೆಗೆ ಎಡೆಯಿಲ್ಲದ ನೀರಿನ ಮೇಲೆ ಆಟವೇ ಬೇರೆ. 1671ರಲ್ಲಿ, ಗುಡ್ಡಗಳ ನಡುವೆ ಬ್ರಹ್ಮಪುತ್ರಾ ನದಿ ಕಿರಿದಾಗುವ ಸರಾಯಿಘಾಟಿನಲ್ಲಿ ತನ್ನ ದೋಣಿಗಳು ಹಿಮ್ಮೆಟ್ಟತೊಡಗಿದುದನ್ನು ಕಂಡ ಆಹೋಮ ಸೇನಾಪತಿ ಲಾಚಿತ್ ಬೋರ್‌ಫುಕನ್, ರೋಗಪೀಡಿತನಾಗಿದ್ದರೂ ದೋಣಿಯೇರಿ ಶತ್ರುವಿನತ್ತ ನಡೆಯಲು, ನಾಚಿದ ಪಡೆ ಅವನ ಬೆನ್ನಿಗೇ ತಿರುಗಿತು. ಚುರುಕಾದ ಸಣ್ಣ ದೋಣಿಗಳ ಮುತ್ತಿಗೆಯಲ್ಲಿ ಮೊಗಲರ ಭಾರಿ ನೌಕೆಗಳು ಸಿಲುಕಿದುವು, ನೌಕಾಧಿಪತಿ ಮುನವ್ವರ್ ಖಾನನು ಗುಂಡಿಗೆ ಬಲಿಯಾದನು, ರಾಮಸಿಂಹನು ಹಿಂದೆಗೆದನು.

ಈ ಗೆಲುವೂ ಶಾಶ್ವತವಾಗಲಿಲ್ಲ. 1679ರಲ್ಲಿ ಆಹೋಮ ಅಧಿಕಾರಿಯೊಬ್ಬನೇ ಗುವಾಹಟಿಯನ್ನು ಮೊಗಲರ ಕೈಗೊಪ್ಪಿಸಿದನು. 1682ರ ಇಟಾಖುಲಿ ಯುದ್ಧದಲ್ಲಿ ಆಹೋಮರು ಅದನ್ನು ಮತ್ತೆ ವಶಪಡಿಸಿಕೊಂಡ ಮೇಲೆ ಮಾನಸ ನದಿಯೇ ಎಲ್ಲೆಯಾಯಿತು.