ಪಂದ್ಯದ ಗಾಳಿ ಬೇರೆ, ಮನೆದಾರಿಯ ಗಾಳಿ ಬೇರೆ

ಕಾಫಿ ಸೀಮೆಗೆ ಮೋಟಾರು ಪಂದ್ಯಗಳು ಹೊಸತಲ್ಲ. 2016ರಲ್ಲಿ ಏಷ್ಯಾ ಪೆಸಿಫಿಕ್ ರ್‍ಯಾಲಿ ಚಾಂಪಿಯನ್‌ಷಿಪ್‌ನ ಭಾರತದ ಸುತ್ತು ಚಿಕ್ಕಮಗಳೂರಿನ ತೋಟಗಳ ನಡುವಿನ ಮಣ್ಣುದಾರಿಗಳಲ್ಲೇ ನಡೆಯಿತು. ಆ ವರ್ಷದ ಚಾಂಪಿಯನ್ ಪಟ್ಟ ಗೌರವ್ ಗಿಲ್ ಅವರದಾಯಿತು. ರ್‍ಯಾಲಿ ಬಹಳ ಖರ್ಚಿನ ಬಾಬತ್ತು. ಆಟೋಕ್ರಾಸ್ ಹಾಗಲ್ಲ. ಬಯಲಿನಲ್ಲಿ ಗುರುತು ನೆಟ್ಟು ತಿರುವುಗಳನ್ನು ಮಾಡಿ, ಒಂದೊಂದೇ ಕಾರನ್ನು ಬಿಟ್ಟು ವೇಳೆ ಎಣಿಸುತ್ತಾರೆ. ಮನೆಯ ಕಾರಿನಲ್ಲೇ ಹೋಗಿ ಓಡಿಸಿ ಬರಬಹುದಾದ್ದರಿಂದ ನಮ್ಮ ಸದಸ್ಯರ ಮಕ್ಕಳಿಗೂ ಅದರ ಹುಚ್ಚು ಹತ್ತಿದೆ. ಹುಚ್ಚು ಬೇಡವೆಂದು ನಾವು ಹೇಳುವುದಿಲ್ಲ; ಹೇಳಿದರೆ ಕೇಳುವವರೂ ಇಲ್ಲ. ಆದರೆ ಭಾನುವಾರ ಪಂದ್ಯ ಓಡಿದ ಅದೇ ಕಾರಿನಲ್ಲಿ ಸೋಮವಾರ ಗೊಬ್ಬರದ ಚೀಲ ಬರಬೇಕು, ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕು. ಆದ್ದರಿಂದ ಟೈರಿನ ಗಾಳಿಯ ವಿಚಾರವನ್ನು ತಂದೆ ಮಗ ಇಬ್ಬರೂ ತಿಳಿದಿರುವುದು ಒಳ್ಳೆಯದು.

ಮೊದಲು ಲೆಕ್ಕ. ಟೈರಿನೊಳಗಿನ ಗಾಳಿ ಕಾದಂತೆ ಒತ್ತಡ ಏರುತ್ತದೆ. ಸಾಧಾರಣ ಕಾರಿನ ಟೈರಿನಲ್ಲಿ ಉಷ್ಣತೆ 10 ಡಿಗ್ರಿ ಸೆಂಟಿಗ್ರೇಡ್ ಏರಿದರೆ ಒತ್ತಡ ಸುಮಾರು ಒಂದೂವರೆ ಪೌಂಡ್ ಏರುತ್ತದೆ. ಚಾಲಕನ ಬಾಗಿಲ ಬಳಿ ಕಂಪನಿಯವರು ಅಂಟಿಸಿರುವ ಚೀಟಿಯಲ್ಲಿನ ಅಂಕಿ ತಣ್ಣಗಿರುವ ಟೈರಿನದು, ಅಂದರೆ ರಾತ್ರಿಯೆಲ್ಲಾ ನಿಂತ ಕಾರಿನದು. ಈ ಮಾತು ಬ್ರಹ್ಮಗಿರಿಯ ಸುತ್ತಮುತ್ತ ಕೊಳವೆಬಾವಿ ನಂಬಿ ಅಡಿಕೆ ಇಟ್ಟಿರುವ ನಮ್ಮವರಿಗೆ ಹೆಚ್ಚು ಅನ್ವಯ. (ಕೊಡಗಿನ ಬ್ರಹ್ಮಗಿರಿಯಲ್ಲ, ಅಶೋಕನ ಶಾಸನವಿರುವ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ.) ಬೇಸಗೆಯ ಮಧ್ಯಾಹ್ನ ಚಳ್ಳಕೆರೆಯ ಹೆದ್ದಾರಿಯಲ್ಲಿ ಓಡಿ ಬಂದ ಟೈರಿಗೆ ಗೇಜ್ ಇಟ್ಟರೆ, ಬೆಳಿಗ್ಗೆ 33 ಇದ್ದದ್ದು 38 ತೋರಿಸೀತು. ಹೆಚ್ಚಾಯಿತೆಂದು 5 ಪೌಂಡ್ ಬಿಟ್ಟರೆ ಮರುದಿನ ಬೆಳಿಗ್ಗೆ ಉಳಿಯುವುದು 28. ಬಿಸಿ ಟೈರಿನ ಗಾಳಿಯನ್ನು ಚೀಟಿಯ ಅಂಕಿಗೆ ಇಳಿಸಬಾರದೆಂಬುದು ಇದಕ್ಕೇ.

ಪಂದ್ಯಪಥದಲ್ಲಿ ಮಾತ್ರ ಇದೇ ಕೆಲಸವನ್ನು ಬೇಕೆಂದೇ ಮಾಡುತ್ತಾರೆ. ಶ್ರೀಪೆರಂಬದೂರಿನ ಬಳಿಯ ಮದರಾಸು ಪಥ ಅಥವಾ ಕೊಯಮತ್ತೂರಿನ ಕರಿ ಪಥದಂಥ ಟಾರು ಪಥದಲ್ಲಿ ಒಂದರ ಹಿಂದೊಂದು ಸುತ್ತು ಹೊಡೆದಾಗ ಟೈರು ಬಹಳ ಕಾದು ಒತ್ತಡ 6–7 ಪೌಂಡ್ ಏರುವುದುಂಟು. ಅಷ್ಟು ಉಬ್ಬಿದ ಟೈರು ನೆಲಕ್ಕೆ ನಡುಭಾಗವನ್ನಷ್ಟೇ ಒತ್ತುತ್ತದೆ, ಹಿಡಿತ ಕಡಿಮೆಯಾಗುತ್ತದೆ. ಹಾಗಾಗಿ ಕೆಲವು ಸುತ್ತುಗಳಾದ ಮೇಲೆ ನಿಲ್ಲಿಸಿ, ನಾಲ್ಕೂ ಚಕ್ರಗಳನ್ನು ಅಳೆದು, ಏರಿದ್ದನ್ನು ಇಳಿಸುತ್ತಾರೆ.

ಆಟೋಕ್ರಾಸ್‌ನಲ್ಲಿ ಓಟ ಒಂದೆರಡು ನಿಮಿಷದ್ದು. ಟೈರು ಕಾಯುವ ಮೊದಲೇ ಮುಗಿಯುತ್ತದೆ. ಏರುತ್ತದೆಂದು ಮೊದಲೇ ಗಾಳಿ ಇಳಿಸಿ ಹೋದವರಿಗೆ ತಿರುವಿನಲ್ಲಿ ಟೈರಿನ ಪಕ್ಕೆ ಮಡಚಿಕೊಳ್ಳುತ್ತದೆ. ಗಟ್ಟಿ ನೆಲವಾದರೆ ಚೀಟಿಯ ಅಂಕಿಗಿಂತ 3–4 ಪೌಂಡ್ ಹೆಚ್ಚು ಹಾಕಿ ಆರಂಭಿಸುವುದು ರೂಢಿ, ಅದೂ ವಿಶೇಷವಾಗಿ ಮುಂದಿನ ಚಕ್ರಗಳಿಗೆ. ಮುಂಚಕ್ರ ಎಳೆಯುವ ಸಣ್ಣ ಕಾರುಗಳಲ್ಲಿ ಎಳೆಯುವುದು, ತಿರುಗುವುದು, ಬ್ರೇಕಿನ ಹೆಚ್ಚಿನ ಭಾರ ಹೊರುವುದು ಎಲ್ಲವೂ ಅವುಗಳ ಪಾಲಿಗೇ. ಟೈರಿನ ಪಕ್ಕೆಯ ಮೇಲೆ ಅಚ್ಚಾಗಿರುವ ಗರಿಷ್ಠ ಮಿತಿಯನ್ನು ಮಾತ್ರ ಎಂದೂ ದಾಟಬಾರದು. ಸಡಿಲ ಮಣ್ಣಿನಲ್ಲಿ ತುಸು ಕಡಿಮೆ ಗಾಳಿ ಹಿಡಿತ ಕೊಡುತ್ತದೆ ನಿಜ. ಆದರೆ ಕಲ್ಲಿದ್ದರೆ ರಿಮ್ ಬಗ್ಗುತ್ತದೆ, ತೀರಾ ಕಡಿಮೆಯಾದರೆ ಟೈರು ರಿಮ್ಮಿನಿಂದಲೇ ಕಳಚಿಕೊಳ್ಳುತ್ತದೆ.

ಎಷ್ಟು ಸರಿ ಎಂದು ತಿಳಿಯಲು ಬೆಲೆಬಾಳುವ ಯಂತ್ರ ಬೇಡ. ಬೋರ್ಡೋ ದ್ರಾವಣಕ್ಕೆ ಚಾಕು ಅದ್ದಿ ನೋಡುವಂತೆ ಇಲ್ಲಿಯೂ ಒಂದು ಬಡವರ ಪರೀಕ್ಷೆ ಇದೆ. ಟೈರಿನ ಅಂಚಿನಲ್ಲಿ, ಗೀರು ಮುಗಿದು ಪಕ್ಕೆ ಶುರುವಾಗುವ ಜಾಗದಲ್ಲಿ, ಮೂರು ನಾಲ್ಕು ಕಡೆ ಸೀಮೆಸುಣ್ಣದಿಂದ ಅಡ್ಡಗೆರೆ ಎಳೆಯಿರಿ. ಒಂದು ಓಟ ಮುಗಿಸಿ ನೋಡಿ. ಸುಣ್ಣ ಪಕ್ಕೆಯವರೆಗೂ ಅಳಿಸಿದ್ದರೆ ಗಾಳಿ ಕಡಿಮೆ. ಗೀರಿನ ಅಂಚಿನ ಮೇಲೂ ಸುಣ್ಣ ಉಳಿದಿದ್ದರೆ ಹೆಚ್ಚು. ಅಂಚಿನ ಹತ್ತಿರಕ್ಕೆ ಬಂದು ನಿಂತಿದ್ದರೆ ಸರಿ. ಒಮ್ಮೆಗೆ ಎರಡು ಪೌಂಡಿಗಿಂತ ಹೆಚ್ಚು ಬದಲಿಸದೆ ಪ್ರತಿ ಅಂಕಿಯನ್ನೂ ಬರೆದಿಡಬೇಕು. ಕೂಲಿ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯೇ ಸಾಕು. ಗೇಜ್ ಒಂದೇ ಇರಲಿ, ಸ್ವಂತದ್ದಿರಲಿ. ಪಂಚರ್ ಅಂಗಡಿಯ ಗೇಜುಗಳು ಒಂದಕ್ಕೊಂದು ತಾಳೆಯಾಗುವುದು ಅಪರೂಪ.

ಇನ್ನು ನಮಗೆ ನಿಜವಾದ ಆತಂಕದ ವಿಷಯ. ಪಂದ್ಯಪಥದಲ್ಲಿ ಗಾಳಿ ಇಳಿಸಿದ ಹುಡುಗರು ಬಹುಮಾನದ ಗಡಿಬಿಡಿಯಲ್ಲಿ ನಾಲ್ಕು ಜನ ಗೆಳೆಯರನ್ನು, ಸಾಮಾನನ್ನು ತುಂಬಿಕೊಂಡು ಹಾಗೆಯೇ ಊರಿಗೆ ಹೊರಡುತ್ತಾರೆ. ಕಡಿಮೆ ಗಾಳಿಯ ಟೈರು ಭಾರಕ್ಕೆ ಪ್ರತಿ ಸುತ್ತಿಗೂ ಬಾಗಿ ಏಳುತ್ತದೆ. ಬಾಗಿದಷ್ಟೂ ಕಾಯುತ್ತದೆ, ಕಾದ ರಬ್ಬರು ಒಳಗಿನ ಪದರದಿಂದ ಬಿಟ್ಟುಕೊಳ್ಳುತ್ತದೆ. ಪಂದ್ಯದಲ್ಲಿ ತಲೆಗೆ ಹೆಲ್ಮೆಟ್, ಸುತ್ತ ಬರೀ ಬಯಲು. ಹಿರಿಯೂರು ದಾಟಿದ ಮೇಲೆ ಎದುರಿಗೆ ಲಾರಿ. ಅಲ್ಲಿ ಟೈರು ಸಿಡಿದರೆ ಆಗುವುದನ್ನು ವಿವರಿಸಬೇಕಿಲ್ಲ.

ಆದ್ದರಿಂದ ಮಗ ಪಂದ್ಯಕ್ಕೆ ಹೊರಟರೆ ಕಾರಿನಲ್ಲಿ ಕಾಲ್ಪಂಪೋ ಬ್ಯಾಟರಿಯ ಪಂಪೋ ಇದೆಯೇ ಎಂದು ಸದಸ್ಯರು ನೋಡಬೇಕು. ಪಂದ್ಯ ಮುಗಿದ ಮೇಲೆ ಟೈರು ಆರಲು ಒಂದು ಗಂಟೆಯಾದರೂ ಬೇಕು. ಊಟ ಅಷ್ಟರಲ್ಲಿ ಆಗುತ್ತದೆ. ಆಮೇಲೆ ನಾಲ್ಕಕ್ಕೂ ಚೀಟಿಯ ಅಂಕಿಗೆ ಗಾಳಿ ತುಂಬಿ, ಜನ ಸಾಮಾನು ತುಂಬಿದ್ದರೆ ಅದೇ ಚೀಟಿಯಲ್ಲಿ ಪೂರ್ಣ ಭಾರಕ್ಕೆಂದು ಕೊಟ್ಟಿರುವ ಅಂಕಿಗೆ ಏರಿಸಿ, ಪಕ್ಕೆಯಲ್ಲಿ ಉಬ್ಬು ಅಥವಾ ಸೀಳು ಇದೆಯೇ ಎಂದು ಕೈಯಾಡಿಸಿ ನೋಡಿಯೇ ಹೊರಡತಕ್ಕದ್ದು. ಡಿಕ್ಕಿಯಲ್ಲಿರುವ ಐದನೆಯ ಚಕ್ರಕ್ಕೂ ಗಾಳಿ ನೋಡಲಿ.